ಮೂವತ್ತೈದು ಸಾವಿರದ ಸ್ಕೂಟರ್‌ಗೆ ಹೊಣೆ ಯಾರು?

"ಲೈಸೆನ್ಸ್ ಬೇಡ, ಆರ್‌ಸಿ ಬೇಡ, ಇನ್ಶೂರೆನ್ಸ್ ಬೇಡ, ಪೆಟ್ರೋಲ್ ಅಂತೂ ಬೇಡವೇ ಬೇಡ." ಮೊಬೈಲ್‌ನಲ್ಲಿ ಒಂದು ಸಲ ಸ್ಕೂಟರ್ ಅಂತ ಹುಡುಕಿದರೆ ಸಾಕು, ಆಮೇಲೆ ವಾರಗಟ್ಟಲೆ ಈ ಜಾಹೀರಾತು ಬೆನ್ನು ಬಿಡುವುದಿಲ್ಲ. ಫೋಟೋದಲ್ಲಿ ಹೊಳೆಯುವ ಎಲೆಕ್ಟ್ರಿಕ್ ಸ್ಕೂಟರ್, ಎಲ್‌ಇಡಿ ದೀಪ, ಅಲಾಯ್ ಚಕ್ರ, ರಿವರ್ಸ್ ಗೇರ್ ಬೇರೆ. ಬೆಲೆ 35,000 ರೂಪಾಯಿ. ಕೆಲವು ಕಡೆ ಇನ್ನೂ ಕಡಿಮೆ. ಆರ್ಡರ್ ಮಾಡಿದರೆ ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ನಿಮ್ಮೂರಿಗೇ ಬಂದು ಇಳಿಯುತ್ತದೆ ಅನ್ನುತ್ತಾರೆ.

ತುಮಕೂರಿನ ನಮ್ಮ ಬಡಾವಣೆಯಲ್ಲಿ ಇಂಥ ಸ್ಕೂಟರ್ ತಗೋಬಹುದಾ ಅಂತ ಕೇಳುವವರು ಹೆಚ್ಚಾಗುತ್ತಿದ್ದಾರೆ. ಕೇಳುವವರು ಯಾರು ಅಂತ ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು ನಾಲ್ಕು ಮನೆಗೆ ಅಡುಗೆ ಮಾಡಲು ಹೋಗುವವರು, ಹೊಲಿಗೆ ಅಂಗಡಿಯವರು, ಮಗಳನ್ನು ಪಿಯುಸಿಗೆ ಸೇರಿಸಿ ಬಸ್ ಸರಿಯಾಗಿಲ್ಲ ಅಂತ ಚಿಂತೆ ಮಾಡುವ ಅಪ್ಪಂದಿರು. ಹೆಸರಿರುವ ಕಂಪನಿಯ ಪೆಟ್ರೋಲ್ ಸ್ಕೂಟರ್ ಎಂಬತ್ತು ಸಾವಿರದ ಆಸುಪಾಸಿನಲ್ಲಿದೆ. ರಸ್ತೆಗಿಳಿಸುವ ಹೊತ್ತಿಗೆ ಇನ್ನೂ ಮೇಲೆ ಹೋಗುತ್ತದೆ. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡಿರುವವರಿಗೆ 35,000 ಎಂಬ ಅಂಕಿ ದುರಾಸೆ ಹುಟ್ಟಿಸುವುದಿಲ್ಲ, ನಮಗೂ ಒಂದು ದಾರಿ ಇದೆ ಎಂಬ ಧೈರ್ಯ ಕೊಡುತ್ತದೆ. ಹಾಗಾಗಿ "ಅಗ್ಗದ್ದು, ಬೇಡ ಬಿಡಿ" ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಯಾಕೆ ಅಗ್ಗ ಅನ್ನುವುದನ್ನು ಕೂತು ಬಿಡಿಸಿ ನೋಡಬೇಕು.

ಮೊದಲು ಕಾನೂನು. "ಲೈಸೆನ್ಸ್ ಬೇಡ" ಅನ್ನುವುದು ಪೂರ್ತಿ ಸುಳ್ಳಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ. ಬ್ಯಾಟರಿ ವಾಹನದ ಮೋಟಾರು ಸತತ ಅರ್ಧ ಗಂಟೆ ಕೊಡಬಲ್ಲ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ಅದರ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ, ಅದನ್ನು ಮೋಟಾರು ವಾಹನ ಅಂತಲೇ ಎಣಿಸುವುದಿಲ್ಲ. ನೋಂದಣಿ, ಲೈಸೆನ್ಸ್, ವಿಮೆ ಯಾವುದೂ ಕಡ್ಡಾಯವಲ್ಲ. ಇಂಥ ಗಾಡಿಗೇ "ಲೋ ಸ್ಪೀಡ್" ಅನ್ನುವುದು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಜಾಹೀರಾತಿನವರು ಅದನ್ನು ನುಂಗಿಬಿಡುತ್ತಾರೆ: ಈ ಶರತ್ತುಗಳನ್ನು ಸರ್ಕಾರ ಗೊತ್ತು ಮಾಡಿದ ಪರೀಕ್ಷಾ ಸಂಸ್ಥೆ ಪರಿಶೀಲಿಸಿ ಒಪ್ಪಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದವು ಅಂಥ ಸಂಸ್ಥೆಗಳು. ಅಂದರೆ ವಿನಾಯಿತಿ ಬರುವುದು ಪರೀಕ್ಷೆ ಪಾಸಾದ ಆ ಮಾಡೆಲ್‌ಗೆ. ಮಾರುವವನು ಬಾಯಲ್ಲಿ "ಲೋ ಸ್ಪೀಡ್ ಸಾರ್" ಅಂದ ಮಾತ್ರಕ್ಕೆ ಅದು ಬರುವುದಿಲ್ಲ.

ಬೆಲೆಯ ಅಂತರದಲ್ಲಿ ಒಂದು ಭಾಗ ನ್ಯಾಯವಾದದ್ದೇ. ನೋಂದಣಿಯಾಗುವ ದ್ವಿಚಕ್ರ ವಾಹನಕ್ಕೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ಮಾನದಂಡ ಬಂದು ಪೆಟ್ರೋಲ್ ಗಾಡಿಗಳ ಬೆಲೆ ಇನ್ನಷ್ಟು ಏರಿತು. ಇವ್ಯಾವುದೂ ಲೋ ಸ್ಪೀಡ್ ಸ್ಕೂಟರ್‌ಗೆ ತಟ್ಟುವುದಿಲ್ಲ. ಎಲೆಕ್ಟ್ರಿಕ್ ವಾಹನಕ್ಕೆ ಜಿಎಸ್‌ಟಿ ಕೂಡ ಶೇ. 5 ಮಾತ್ರ. ಲಿಥಿಯಂ ಬದಲು ಸೀಸದ ಬ್ಯಾಟರಿ ಹಾಕಿದರೆ ಮತ್ತೆ ಕೆಲವು ಸಾವಿರ ಉಳಿಯಿತು. ಹೀಗೆ ಪ್ರಾಮಾಣಿಕವಾಗಿಯೇ ಬೆಲೆ ಇಳಿಸಿ ಒಂದು ನಿಧಾನದ ಗಾಡಿ ಮಾಡಬಹುದು, ಮಾಡುವವರೂ ಇದ್ದಾರೆ.

ಉಳಿದ ಅಂತರ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ. ಅದಕ್ಕೆ ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಸಾಕು.

ಸ್ಕೂಟರ್, ಬ್ಯಾಟರಿ, ಅದರ ಮೇಲೆ ಇಬ್ಬರು, ಎಲ್ಲಾ ಸೇರಿ 210 ಕೆಜಿ ಅಂತಿಟ್ಟುಕೊಳ್ಳಿ. ನೂರು ಮೀಟರ್ ಮುಂದೆ ಹೋದರೆ ಐದು ಮೀಟರ್ ಏರುವ ರಸ್ತೆ. ಇದೇನು ಆಗುಂಬೆ ಘಾಟಿಯಲ್ಲ. ಫ್ಲೈಓವರ್ ಏರುವಾಗ ಸಿಗುವ ಏರೇ. ಗಾಳಿಯ ಅಡ್ಡಿ, ಟೈರಿನ ಎಳೆತ ಯಾವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ 250 ವ್ಯಾಟ್ ಮೋಟಾರ್ ಈ ಭಾರವನ್ನು ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಕೂಡ ಹತ್ತಿಸಲಾರದು. ಮೋಟಾರುಗಳು ಸ್ವಲ್ಪ ಹೊತ್ತು ತಮ್ಮ ಅಳತೆಗಿಂತ ಹೆಚ್ಚು ದುಡಿಯುತ್ತವೆ, ನಿಜ. ಆದರೆ ಜಾಹೀರಾತಿನ ವಿಡಿಯೋದಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಅದೇ ಏರನ್ನು ಗಂಟೆಗೆ 45 ಕಿಲೋಮೀಟರ್‌ನಲ್ಲಿ ಹತ್ತುತ್ತಿದ್ದರೆ ಆ ಮೋಟಾರು 1,200 ವ್ಯಾಟ್‌ಗಿಂತ ಹೆಚ್ಚು ಕೊಡುತ್ತಿದೆ ಅಂತ ಅರ್ಥ. ಆಗ ಅದು ಕಾನೂನಿನ ಕಣ್ಣಲ್ಲಿ ಲೋ ಸ್ಪೀಡ್ ಅಲ್ಲ. ಅದು ನೋಂದಣಿ ತಪ್ಪಿಸಿಕೊಂಡ ಮೋಟಾರು ವಾಹನ. ಒಂದೇ ಜಾಹೀರಾತಿನಲ್ಲಿ "250 ವ್ಯಾಟ್" ಮತ್ತು "ಟಾಪ್ ಸ್ಪೀಡ್ 55" ಎರಡೂ ಇದ್ದರೆ ಅವೆರಡರಲ್ಲಿ ಒಂದು ಸುಳ್ಳು.

ಮೈಲೇಜಿನ ಮಾತೂ ಹಾಗೆಯೇ. 60 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬುವುದು 1,200 ವ್ಯಾಟ್-ಅವರ್. ಇಂಥ ಗಾಡಿ ಕಿಲೋಮೀಟರಿಗೆ ಸುಮಾರು 25 ವ್ಯಾಟ್-ಅವರ್ ತಿಂದರೆ ಹೊಸದರಲ್ಲಿ ಐವತ್ತರ ಒಳಗೆ ಓಡುತ್ತದೆ. ಸೀಸದ ಬ್ಯಾಟರಿಯನ್ನು ಪ್ರತಿದಿನ ತಳಮಟ್ಟ ಬರಿದು ಮಾಡಿದರೆ ಅದರ ಆಯಸ್ಸು ಕುಗ್ಗುವುದರಿಂದ ದಿನಬಳಕೆಗೆ ನಲವತ್ತು ಅಂದುಕೊಳ್ಳುವುದೇ ಕ್ಷೇಮ. ಜಾಹೀರಾತಿನಲ್ಲಿ ಬರೆದಿರುವುದು "100 ಕಿ.ಮೀ."

ಶೆಟ್ಟಿಹಳ್ಳಿ ರಸ್ತೆ ಕಡೆಯ ಒಂದು ಗ್ಯಾರೇಜಿನಲ್ಲಿ ಇಂಥದ್ದೊಂದು ಸ್ಕೂಟರ್ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕನದು. ಬೇರೆ ರಾಜ್ಯದ ಸಪ್ಲೈಯರ್ ಒಬ್ಬನಿಂದ ಆನ್‌ಲೈನ್‌ನಲ್ಲಿ ತರಿಸಿದ್ದು. ಒಂದು ವರ್ಷ ಚೆನ್ನಾಗಿಯೇ ಓಡಿತ್ತು, ಆಮೇಲೆ ಪೂರ್ತಿ ಚಾರ್ಜ್ ಮಾಡಿದರೂ ಊರಲ್ಲೇ ಇರುವ ಬಟವಾಡಿಗೆ ಹೋಗಿ ಬರುವಷ್ಟರಲ್ಲಿ ಸುಸ್ತಾಗಿಬಿಡುತ್ತಿತ್ತು. ಹುಡುಗ ಸೀಟೆತ್ತಿ, ಕಾಲಿಡುವ ಜಾಗದ ಪ್ಲಾಸ್ಟಿಕ್ ತೆಗೆದ. ಒಳಗೆ ಸಾಲಾಗಿ ಐದು 12 ವೋಲ್ಟ್ ಬ್ಯಾಟರಿ, ಅವುಗಳ ಸುತ್ತ ಅಲುಗಾಡದಿರಲಿ ಅಂತ ತುರುಕಿದ ಥರ್ಮೋಕೋಲ್. ಎರಡು ಬ್ಯಾಟರಿಗಳ ಪಕ್ಕ ಉಬ್ಬಿ ಬಂದಿತ್ತು. ಒಂದರ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದಿತ್ತು.

"ಅಷ್ಟೇನಾ? ಎರಡೇ ಬದಲಾಯಿಸಿ ಕೊಡಪ್ಪ" ಅಂದರು ಅಕ್ಕ.

"ಹಂಗ್ ಮಾಡಿದ್ರೆ ಹಳೇ ಮೂರು ಸೇರ್ಕೊಂಡು ಹೊಸಾ ಎರಡನ್ನೂ ಹಾಳ್ ಮಾಡ್ತವೆ ಅಕ್ಕಾ. ಹಾಕಿದ್ರೆ ಐದೂ ಹಾಕ್ಬೇಕು" ಅಂದ ಹುಡುಗ. ಅವನು ಹೇಳಿದ್ದು ಸರಿ. ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಸೊರಗಿದ್ದು ಮೊದಲು ಬರಿದಾಗುತ್ತದೆ, ಚಾರ್ಜ್ ಮಾಡುವಾಗ ಮೊದಲು ಮಿತಿ ಮೀರುತ್ತದೆ, ಸೆಟ್ ಪೂರ್ತಿ ಅದರ ಹಿಂದೆ ಹೋಗುತ್ತದೆ. ಅವನು ಹೇಳಿದ ರೇಟು ಕೇಳಿ ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಗಾಡಿಯ ಬೆಲೆಯಲ್ಲಿ ಅರ್ಧದ ಹತ್ತಿರ.

ಅದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೆರಡು ಸಂಗತಿ. ಕಂಟ್ರೋಲರ್ ಪೆಟ್ಟಿಗೆಯಿಂದ ಹೊರಟ ವೈರುಗಳ ಗೊಂಚಲಲ್ಲಿ ಒಂದು ಬಿಳಿ ವೈರಿನ ಸಣ್ಣ ಕುಣಿಕೆ ಇತ್ತು, ಅದರ ಸಾಕೆಟ್ ಕಳಚಿ ಟೇಪ್ ಸುತ್ತಿದ್ದರು. ಅದು ವೇಗಕ್ಕೆ ಹಾಕಿದ ಬೀಗ. ಕೂಡಿಸಿದರೆ ಗಾಡಿ 25ಕ್ಕೆ ನಿಲ್ಲುತ್ತದೆ, ಕಳಚಿದರೆ 45 ದಾಟುತ್ತದೆ. ಅಕ್ಕನಿಗೆ ಇದರ ಗಂಧಗಾಳಿ ಇರಲಿಲ್ಲ. ಗಾಡಿ ಬಂದಾಗಿನಿಂದ ಹಾಗೆಯೇ ಓಡುತ್ತಿತ್ತು. ಎರಡನೆಯದು, ಅವರ ಬಿಲ್ಲಿನಲ್ಲಿದ್ದ ಮಾಡೆಲ್ ಹೆಸರೇ ಬೇರೆ, ಚಾಸಿಗೆ ಹೊಡೆದ ತಗಡಿನ ಮೇಲಿದ್ದ ಹೆಸರೇ ಬೇರೆ. ಸಪ್ಲೈಯರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಪರೀಕ್ಷಾ ವರದಿಯ ಪ್ರತಿಯಲ್ಲಿ ಮೂರನೆಯ ಹೆಸರೊಂದಿತ್ತು. ಅವನ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಸ್ವಿಚ್ ಆಫ್.

ಈ ಬಿಳಿ ವೈರಿನ ವಿಚಾರಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬ್ಯಾಟರಿ ಹೋದರೆ ದುಡ್ಡು ಹೋಗುತ್ತದೆ, ಇದರಿಂದ ಮನೆಯೇ ಹೋಗಬಹುದು. 25 ದಾಟುವ ಗಾಡಿ ಕಾನೂನಿನ ಪ್ರಕಾರ ಮೋಟಾರು ವಾಹನ. ಅದಕ್ಕೆ ನೋಂದಣಿ ಇಲ್ಲ, ವಿಮೆ ಇಲ್ಲ, ಓಡಿಸುವವರಿಗೆ ಲೈಸೆನ್ಸ್ ಇರಲೇಬೇಕೆಂದೂ ಇಲ್ಲ ಅಂತ ನಂಬಿಸಲಾಗಿದೆ. ನೋಂದಣಿ ಇಲ್ಲದ್ದಕ್ಕೆ ಮೊದಲ ಸಲ 5,000 ರೂಪಾಯಿವರೆಗೆ ದಂಡ, ವಿಮೆ ಇಲ್ಲದ್ದಕ್ಕೆ 2,000. ಇವೆಲ್ಲ ಸಣ್ಣದು. ಸಂಜೆ ಹೊತ್ತು ತರಕಾರಿ ಕೊಂಡು ರಸ್ತೆ ದಾಟುತ್ತಿರುವ ಒಬ್ಬ ಅಜ್ಜನಿಗೆ ಆ ಗಾಡಿ ತಾಗಿತು, ಸೊಂಟದ ಮೂಳೆ ಮುರಿಯಿತು ಅಂತಿಟ್ಟುಕೊಳ್ಳಿ. ವಿಮೆ ಇದ್ದಿದ್ದರೆ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತಿತ್ತು. ಇಲ್ಲಿ ಅಷ್ಟೂ ಗಾಡಿಯ ಮಾಲೀಕರ ತಲೆಗೆ. ಕೊಡುವ ಶಕ್ತಿ ಮಾಲೀಕರಿಗಿಲ್ಲದಿದ್ದರೆ ಆ ಅಜ್ಜನ ಮನೆಯವರಿಗೆ ಸಿಗುವುದು ಏನೂ ಇಲ್ಲ. ಎರಡು ಬಡ ಸಂಸಾರಗಳು ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತವೆ. ಆ ವೈರಿನ ಸಾಕೆಟ್ ಕಳಚಿದವನು ಆ ಹೊತ್ತಿಗೆ ಇನ್ನೊಂದು ಹೆಸರಿನಲ್ಲಿ ಇನ್ನೊಂದು ಜಾಹೀರಾತು ಹಾಕಿರುತ್ತಾನೆ.

ಮಕ್ಕಳ ಕೈಗೆ ಕೊಟ್ಟರಂತೂ ಕೇಳಲೇಬೇಡಿ. "ಹದಿನಾರು ವರ್ಷದ ಮಕ್ಕಳೂ ಓಡಿಸಬಹುದು" ಅಂತ ಜಾಹೀರಾತಿನಲ್ಲೇ ಹಾಕುತ್ತಾರೆ. ಆ ಗಾಡಿ ಮೋಟಾರು ವಾಹನ ಅಂತ ಸಾಬೀತಾದರೆ ಅದನ್ನು ಓಡಿಸಿದ ಅಪ್ರಾಪ್ತರ ಪೋಷಕರಿಗೆ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 2023ರಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಶೋರೂಮ್‌ಗಳಿಗೇ ಹೋಗಿ, ಶಕ್ತಿ ಹೆಚ್ಚಿಸಿ ಮಾರುತ್ತಿದ್ದ ಸ್ಕೂಟರ್‌ಗಳನ್ನು ಹಿಡಿಯಿತು. ನನ್ನ ಪ್ರಕಾರ ಆಗಬೇಕಾದ್ದು ಅದೇ ಕ್ರಮ. ರಸ್ತೆಯಲ್ಲಿ ಹೊಲಿಗೆ ಅಂಗಡಿಯ ಅಕ್ಕನನ್ನು ತಡೆದು ನಿಲ್ಲಿಸುವ ಮೊದಲು ಮಾರಿದವನ ಗೋಡೌನಿಗೆ ಹೋಗಬೇಕು.

ಬೆಂಕಿಯ ಮಾತು ಎತ್ತದೆ ಈ ವಿಷಯ ಮುಗಿಯುವುದಿಲ್ಲ. 2022ರ ಮಾರ್ಚ್ ಕೊನೆಯಲ್ಲಿ ಪುಣೆಯಲ್ಲಿ ರಸ್ತೆಬದಿ ನಿಲ್ಲಿಸಿದ್ದ ಎಲೆಕ್ಟ್ರಿಕ್ ಸ್ಕೂಟರ್ ಹೊತ್ತಿ ಉರಿಯಿತು. ಅದೇ ದಿನಗಳಲ್ಲಿ ತಮಿಳುನಾಡಿನ ವೇಲೂರಿನಲ್ಲಿ ರಾತ್ರಿ ಚಾರ್ಜಿಗಿಟ್ಟ ಸ್ಕೂಟರ್‌ಗೆ ಬೆಂಕಿ ಬಿದ್ದು, ಹೊಗೆಯಲ್ಲಿ ಉಸಿರುಗಟ್ಟಿ ತಂದೆ ಮಗಳು ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಲಾಡ್ಜೊಂದರ ಕೆಳಗಿದ್ದ ಸ್ಕೂಟರ್ ಶೋರೂಮಿನಿಂದ ಹೊಗೆ ಮೇಲೇರಿ ಎಂಟು ಜನ ಸತ್ತರು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಜಾಜಿನಗರದ ಶೋರೂಮಿನ ಬೆಂಕಿಗೆ ಅಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತರ ಹುಡುಗಿ ಬಲಿಯಾದಳು. ಇವೆಲ್ಲ ಅಗ್ಗದ ಗಾಡಿಗಳಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. 2022ರಲ್ಲಿ ಹೊತ್ತಿಕೊಂಡವುಗಳಲ್ಲಿ ಹೆಸರಿರುವ ಕಂಪನಿಗಳ ಗಾಡಿಗಳೂ ಇದ್ದವು. ಆದರೆ ಆಮೇಲೆ ಏನಾಯಿತು ನೋಡಿ. ಆ ಏಪ್ರಿಲ್‌ನಲ್ಲಿ ಮೂರು ಕಂಪನಿಗಳು ಸೇರಿ ಆರೂವರೆ ಸಾವಿರಕ್ಕೂ ಹೆಚ್ಚು ಸ್ಕೂಟರ್‌ಗಳನ್ನು ಪರೀಕ್ಷೆಗೆ ವಾಪಸ್ ಕರೆಸಿಕೊಂಡವು. ಸರ್ಕಾರ ತಜ್ಞರ ಸಮಿತಿ ಮಾಡಿ ಬ್ಯಾಟರಿಯ ಎಐಎಸ್-156 ಮಾನದಂಡವನ್ನು ಬಿಗಿ ಮಾಡಿತು, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಎರಡು ಹಂತಗಳಲ್ಲಿ ಅದು ಜಾರಿಗೆ ಬಂತು. ವಾಪಸ್ ಕರೆಯಬೇಕಾದರೆ ಕರೆಯುವವನೊಬ್ಬ ಇರಬೇಕು, ಯಾವ ಚಾಸಿ ನಂಬರ್ ಯಾರ ಮನೆಯಲ್ಲಿದೆ ಅಂತ ಅವನಲ್ಲಿ ದಾಖಲೆ ಇರಬೇಕು. ಆನ್‌ಲೈನ್‌ನಲ್ಲಿ ಮೂರು ಹೆಸರಿನಲ್ಲಿ ಮಾರಾಟವಾದ ಸ್ಕೂಟರ್‌ನ ಬ್ಯಾಟರಿಯಲ್ಲಿ ದೋಷವಿದೆ ಅಂತ ಗೊತ್ತಾದರೂ ನಿಮಗೆ ಫೋನ್ ಮಾಡಿ ಹೇಳುವವರು ಯಾರೂ ಇಲ್ಲ.

ಸೀಸದ ಬ್ಯಾಟರಿ ಲಿಥಿಯಂನಂತೆ ಸ್ಫೋಟಕ ಉರಿ ಹಿಡಿಯುವುದು ಅಪರೂಪ, ಆ ಮಟ್ಟಿಗೆ ಸಮಾಧಾನ. ಆದರೆ ಅದು ಕೂಡ ಅತಿಯಾಗಿ ಚಾರ್ಜ್ ಆದರೆ ಹೈಡ್ರೋಜನ್ ಬಿಡುತ್ತದೆ, ಸಡಿಲ ಟರ್ಮಿನಲ್ ಕಾದು ವೈರನ್ನು ಸುಡುತ್ತದೆ. ಅಗ್ಗದ ಗಾಡಿಗೆ "ಲಿಥಿಯಂ" ಅಂತ ಹಾಕಿದ್ದರೆ ನನಗೆ ಹೆದರಿಕೆ ಇನ್ನೂ ಜಾಸ್ತಿ. ಒಳಗಿರುವ ಸೆಲ್ ಹೊಸದೋ, ಯಾವುದೋ ಹಳೆಯ ಪ್ಯಾಕಿನಿಂದ ಬಿಚ್ಚಿ ತೆಗೆದದ್ದೋ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಮಲಗುವ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ ರಾತ್ರಿಯಿಡೀ ಚಾರ್ಜ್ ಮಾಡುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಅದನ್ನು ಇವತ್ತೇ ಬಿಡಿ, ಗಾಡಿ ಯಾವ ಕಂಪನಿಯದ್ದೇ ಆಗಿರಲಿ.

"ಚೀನಾ ಮಾಲು, ಅದಕ್ಕೇ ಹೀಗೆ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾವು ಹೊಗಳುವ ಒಳ್ಳೆಯ ಎಲೆಕ್ಟ್ರಿಕ್ ಸ್ಕೂಟರ್‌ಗಳ ಬ್ಯಾಟರಿ ಸೆಲ್‌ಗಳಲ್ಲಿ, ಮೋಟಾರಿನ ಆಯಸ್ಕಾಂತಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು. ಚೀನಾ ತನ್ನ ಜನರಿಗೆ ಮಾರುವ ಎಲೆಕ್ಟ್ರಿಕ್ ಸೈಕಲ್‌ಗಳಿಗೆ 2019ರ ಏಪ್ರಿಲ್‌ನಲ್ಲೇ ಕಡ್ಡಾಯ ಮಾನದಂಡ ತಂದಿತ್ತು: ವೇಗ 25 ಮೀರಬಾರದು, ಬ್ಯಾಟರಿ ಸೇರಿ ತೂಕ 55 ಕೆಜಿ ದಾಟಬಾರದು, ಪೆಡಲ್ ಇರಬೇಕು ಅಂತ ಆಗ ಅದರಲ್ಲಿತ್ತು. ಇತ್ತ ನಮ್ಮಲ್ಲಿ "ಮೇಡ್ ಇನ್ ಇಂಡಿಯಾ" ಅಂತ ಅಂಟಿಸಿಕೊಂಡ ಮಾತ್ರಕ್ಕೆ ಎಲ್ಲವೂ ಸರಿ ಅನ್ನುವಂತೆಯೂ ಇಲ್ಲ. ಎಲೆಕ್ಟ್ರಿಕ್ ವಾಹನಗಳಿಗೆ ಸರ್ಕಾರ ಕೊಡುತ್ತಿದ್ದ ಫೇಮ್-2 ಯೋಜನೆಯ ಸಬ್ಸಿಡಿ ತೆಗೆದುಕೊಂಡು, ಇಲ್ಲೇ ತಯಾರಿಸಬೇಕಿದ್ದ ಬಿಡಿಭಾಗಗಳನ್ನು ಹೊರಗಿನಿಂದ ತರಿಸಿದ್ದಾರೆ ಎಂದು ಕೇಂದ್ರ ಸರ್ಕಾರ 2023ರಲ್ಲಿ ಏಳು ಕಂಪನಿಗಳಿಂದ ಸುಮಾರು 469 ಕೋಟಿ ರೂಪಾಯಿ ವಾಪಸ್ ಕೇಳಿತು. ಸ್ಕೂಟರ್ ಯಾವ ದೇಶದಿಂದ ಬಂತು ಅನ್ನುವುದಕ್ಕಿಂತ, ಇಲ್ಲಿಗೆ ಬಂದ ಮೇಲೆ ಅದಕ್ಕೆ ಸಹಿ ಹಾಕಿದವರು ಯಾರು, ಕೆಟ್ಟರೆ ಯಾರ ಬಾಗಿಲು ತಟ್ಟಬೇಕು ಅನ್ನುವುದನ್ನು ನಾನು ನೋಡುತ್ತೇನೆ.

ಕಾಗದದ ಮೇಲೆ ಗ್ರಾಹಕರಿಗೆ ರಕ್ಷಣೆ ಚೆನ್ನಾಗಿಯೇ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ನಿಜವಾದ ಹೆಸರು, ವಿಳಾಸ, ವಸ್ತು ಯಾವ ದೇಶದ್ದು ಅನ್ನುವುದು ಕಾಣುವಂತಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವನು ದೆಹಲಿಯಲ್ಲಿದ್ದರೂ ನೀವು ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿ ಸಿಗುತ್ತದೆ. ಆದರೆ ನೋಟಿಸ್ ತಲುಪಲು ವಿಳಾಸ ಅಸಲಿ ಆಗಿರಬೇಕಲ್ಲ. ಮುಂಗಡ ಕಟ್ಟಿಸಿಕೊಂಡು ಗಾಡಿಯನ್ನೇ ಕಳಿಸದೆ ಮಾಯವಾಗುವ ಜಾಲಗಳೂ ಇವೆ. 2022ರ ನವೆಂಬರ್‌ನಲ್ಲಿ ದೆಹಲಿ ಪೊಲೀಸರು ಪ್ರಸಿದ್ಧ ಸ್ಕೂಟರ್ ಕಂಪನಿಯ ಹೆಸರಿನ ನಕಲಿ ವೆಬ್‌ಸೈಟ್ ಇಟ್ಟು ಸಾವಿರಕ್ಕೂ ಹೆಚ್ಚು ಜನರಿಗೆ ಟೋಪಿ ಹಾಕಿದ ಇಪ್ಪತ್ತು ಜನರನ್ನು ಹಿಡಿದರು. ಹಾಗೇನಾದರೂ ದುಡ್ಡು ಹೋದರೆ ಒಂದು ಗಂಟೆಯೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಹಾಗಾದರೆ ಆ ಬಜೆಟ್‌ನವರು ಏನು ಮಾಡಬೇಕು? ನನ್ನ ಮೊದಲ ಸಲಹೆ ಬೇಸರ ತರಿಸುವಷ್ಟು ಹಳೆಯದು: ಗುರುತಿರುವವರ ಕೈಯಿಂದ ಮೂರು ನಾಲ್ಕು ವರ್ಷ ಓಡಿದ ಪೆಟ್ರೋಲ್ ಸ್ಕೂಟರ್ ಅಥವಾ ಎಕ್ಸ್‌ಎಲ್ ಮೊಪೆಡ್. ನಂಬರ್ ಹಾಕಿದರೆ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನೋಂದಣಿ, ವಿಮೆ ಎಲ್ಲಾ ಕಾಣುತ್ತದೆ. ಫಾರಂ 29, 30 ಹಾಕಿ ಹೆಸರು ಬದಲಾಯಿಸಿಕೊಂಡರೆ ಮುಗಿಯಿತು. ಯಾವ ಹೋಬಳಿಗೆ ಹೋದರೂ ಅದರ ಕೇಬಲ್, ಬ್ರೇಕ್ ಶೂ, ಪ್ಲಗ್ ಸಿಗುತ್ತದೆ. ಲೈಸೆನ್ಸ್ ಬೇಕಾಗುತ್ತದೆ, ನಿಜ. ಮಾಡಿಸಿಕೊಳ್ಳಿ. ಕಲಿತು ಪರೀಕ್ಷೆ ಕೊಟ್ಟು ರಸ್ತೆಗಿಳಿಯುವುದರಿಂದ ನಷ್ಟವೇನೂ ಇಲ್ಲ.

ಲೋ ಸ್ಪೀಡ್ ಸ್ಕೂಟರ್ ಯಾರಿಗೂ ಬೇಡವೇ ಅಂದರೆ, ಕೆಲವರಿಗೆ ಬೇಕು. ಊರೊಳಗೇ ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್, ಸಮತಟ್ಟು ರಸ್ತೆ, ಒಬ್ಬರೇ ಓಡಾಟ, ನಿಧಾನವಾದರೂ ಪರವಾಗಿಲ್ಲ ಅನ್ನುವ ಹಿರಿಯರು, ಲೈಸೆನ್ಸ್ ಮಾಡಿಸುವುದು ಕಷ್ಟವಾಗುವವರು. ಅವರಿಗೆ ಅದು ನಿಜಕ್ಕೂ ಒಳ್ಳೆಯ ಸವಾರಿ. ಆದರೆ ಲಾರಿಯಲ್ಲಿ ತರಿಸಬೇಡಿ. ನಿಮ್ಮ ಊರಲ್ಲೋ ಪಕ್ಕದ ತಾಲ್ಲೂಕಲ್ಲೋ ಬಾಡಿಗೆ ಕಟ್ಟಿ ಬೋರ್ಡ್ ಹಾಕಿ ಕೂತಿರುವವರ ಹತ್ತಿರ, ನಾಲ್ಕು ಕಾಸು ಹೆಚ್ಚಾದರೂ ಪರವಾಗಿಲ್ಲ, ಅಲ್ಲಿ ತಗೊಳ್ಳಿ. ಬ್ಯಾಟರಿ ಬದಲಾವಣೆಗೆ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ, ಅದನ್ನೂ ಗಾಡಿಯ ಬೆಲೆಗೆ ಕೂಡಿಸಿ ನೋಡಿ. ಪರೀಕ್ಷಾ ವರದಿಯಲ್ಲಿ, ಜಿಎಸ್‌ಟಿ ಬಿಲ್ಲಿನಲ್ಲಿ, ಚಾಸಿಯ ತಗಡಿನಲ್ಲಿ ಮಾಡೆಲ್ ಹೆಸರು ಒಂದೇ ಇದೆಯಾ ಅಂತ ಕನ್ನಡಕ ಹಾಕಿಕೊಂಡು ಓದಿ. ಬಿಲ್ಲಿನಲ್ಲಿ ಚಾಸಿ ನಂಬರ್ ಮತ್ತು ಬ್ಯಾಟರಿ ವಾರಂಟಿಯ ಅವಧಿ ಬರೆಸಿಕೊಳ್ಳಿ. ಕಾನೂನು ಕಡ್ಡಾಯ ಮಾಡದಿದ್ದರೂ ಐಎಸ್‌ಐ ಗುರುತಿನ ಹೆಲ್ಮೆಟ್ ಒಂದನ್ನು ಅದೇ ದಿನ ಕೊಳ್ಳಿ.

ಕೊನೆಗೆ ದುಡ್ಡು ಕೊಡುವ ಮುಂಚೆ ಗಾಡಿ ಓಡಿಸಿ ನೋಡಿ. ಗಾಡಿಯ ಮೀಟರನ್ನು ನಂಬಬೇಡಿ, ಜೇಬಿನಲ್ಲಿ ಜಿಪಿಎಸ್ ವೇಗ ತೋರಿಸುವ ಆ್ಯಪ್ ಹಾಕಿದ ಫೋನ್ ಇರಲಿ, ಖಾಲಿ ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿ. ವೇಗ 25ರ ಒಳಗೇ ನಿಂತರೆ ವ್ಯಾಪಾರಕ್ಕೆ ಕೂರಿ. ಮೂವತ್ತೋ ನಲವತ್ತೋ ತೋರಿಸಿದರೆ ಅಂಗಡಿಯವರ ಕೈಗೆ ಕೀ ವಾಪಸ್ ಕೊಟ್ಟು ಬನ್ನಿ.